ಹಾಳೆಯಿಂದ ಹಾಳೆಗೆ

ಹಿಂದಿನ ಮಂಡಿಗಳಲ್ಲಿ ಗುಮಾಸ್ತನ ಮುಂದೆ ಎರಡು ಪುಸ್ತಕಗಳು ತೆರೆದಿರುತ್ತಿದ್ದವು. ಒಂದು, ದಿನದ ವ್ಯವಹಾರವನ್ನು ಬರೆದಿಡುವ ಕಿರ್ದಿ. ಮತ್ತೊಂದು, ಅದನ್ನು ಹೆಸರುಹೆಸರಿಗೆ ವಿಂಗಡಿಸುವ ಖಾತೆ. ಕಿರ್ದಿಯ ಅಂಕಿಯನ್ನು ಖಾತೆಗೆ ಇಳಿಸುವಾಗಲೇ ಕೈ ತಪ್ಪುವುದು. 63 ಎಂಬುದು 36 ಆಯಿತೆಂದರೆ ಲೆಕ್ಕ ತಾಳೆಯಾಗದು. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ, ಎಲ್ಲಿಯೋ ಅಂಕಿಗಳು ಅದಲುಬದಲಾಗಿರಬಹುದೆಂದು ಅನುಭವಸ್ಥರು ಊಹಿಸುತ್ತಿದ್ದರು.

ಗಣಕಯಂತ್ರದ ಲೆಕ್ಕದ ಹಾಳೆ ಬಂದ ಮೇಲೆ ಈ ನಕಲಿನ ಶ್ರಮ ತಪ್ಪಬೇಕಾಗಿತ್ತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಅಮೆರಿಕನ್ನರು ರೂಪಿಸಿದ ‘ವಿಸಿಕ್ಯಾಲ್ಕ್’ನಲ್ಲಿ ಇದ್ದುದು ಒಂದೇ ಹಾಳೆ. ಹಲವು ಹಾಳೆಗಳ ಪುಸ್ತಕವನ್ನು 1993ರ ‘ಎಕ್ಸೆಲ್ 5’ ವಾಡಿಕೆಗೆ ತಂದಿತು.

ಮನೆಯ ಖರ್ಚನ್ನು ತಿಂಗಳಿಗೊಂದು ಹಾಳೆಯಲ್ಲಿ ಬರೆಯುವ ಗೃಹಿಣಿ ವರ್ಷದ ಹಾಳೆಗೆ ಆ ಮೊತ್ತಗಳನ್ನು ಮತ್ತೆ ಬರೆಯಬೇಕಾಗಿಲ್ಲ. ವರ್ಷದ ಹಾಳೆಯ ಒಂದು ಚೌಕದಲ್ಲಿ ಸಮಚಿಹ್ನೆಯನ್ನಿಟ್ಟು, ಜನವರಿಯ ಹಾಳೆಯನ್ನು ತೆರೆದು, ಅಲ್ಲಿಯ ಮೊತ್ತದ ಚೌಕವನ್ನು ಆರಿಸಿ ಎಂಟರ್ ಒತ್ತಿದರೆ ಸಾಕು. ಆಗ ಚೌಕದೊಳಗೆ ನೆಲೆಸುವುದು ಅಂಕಿಯಲ್ಲ, ಅಂಕಿಯ ವಿಳಾಸ: ಹಾಳೆಯ ಹೆಸರು, ಒಂದು ಆಶ್ಚರ್ಯಸೂಚಕ ಚಿಹ್ನೆ, ಚೌಕದ ಗುರುತು. ಜನವರಿಯಲ್ಲಿ ಮರೆತ ಹಾಲಿನ ಬಾಕಿಯನ್ನು ಮಾರ್ಚ್ ತಿಂಗಳಲ್ಲಿ ಆ ಹಾಳೆಗೆ ಸೇರಿಸಿದರೂ ವರ್ಷದ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.

ಈ ಸಣ್ಣ ಸೌಕರ್ಯವನ್ನು ಉಪೇಕ್ಷಿಸಿದವರಲ್ಲಿ ದೊಡ್ಡವರೂ ಉಂಟು. 2012ರಲ್ಲಿ ಜೆ.ಪಿ. ಮಾರ್ಗನ್ ಚೇಸ್ ಬ್ಯಾಂಕಿಗೆ ಅದರ ಲಂಡನ್ ಕಚೇರಿಯ ವ್ಯವಹಾರದಲ್ಲಿ 600 ಕೋಟಿ ಡಾಲರಿಗೂ ಮಿಕ್ಕಿ ನಷ್ಟವಾಯಿತು. ಅಪಾಯವೆಷ್ಟೆಂದು ಅಳೆಯುವ ಹೊಸ ಲೆಕ್ಕ ಹಲವು ಹಾಳೆಗಳಲ್ಲಿ ಹರಡಿತ್ತೆಂದೂ, ಒಂದರಿಂದ ಇನ್ನೊಂದಕ್ಕೆ ಅಂಕಿಗಳನ್ನು ಕೈಯಿಂದಲೇ ನಕಲು ಮಾಡಿ ಅಂಟಿಸಬೇಕಾಗಿತ್ತೆಂದೂ ಬ್ಯಾಂಕೇ 2013ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಸಾಲದುದಕ್ಕೆ, ಒಂದು ಸೂತ್ರದಲ್ಲಿ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸಲಾಗಿತ್ತು. ಅದರಿಂದ ಅಪಾಯ ಇದ್ದುದಕ್ಕಿಂತ ಕಡಿಮೆಯಾಗಿ ತೋರಿತು. ನಷ್ಟಕ್ಕೆ ಸಾಹಸದ ವ್ಯಾಪಾರವೇ ಕಾರಣವಾದರೂ, ಎಚ್ಚರಿಸಬೇಕಾಗಿದ್ದ ಲೆಕ್ಕ ಸಕಾಲದಲ್ಲಿ ಎಚ್ಚರಿಸಲಿಲ್ಲ.

ಆದರೆ ತಪ್ಪಿದ ಸೂತ್ರವನ್ನು ಹಾಳೆಗಳ ನಡುವಣ ಕೊಂಡಿ ತಿದ್ದಲಾರದು. ಮೂಲದಲ್ಲಿ ಸತ್ಯವಿದ್ದರೆ ಸತ್ಯವನ್ನು, ಸುಳ್ಳಿದ್ದರೆ ಸುಳ್ಳನ್ನು, ಅದು ಒಂದೇ ನಿಷ್ಠೆಯಿಂದ ಒಯ್ಯುತ್ತದೆ. ನಕಲು ಮಾಡಿದ ತಪ್ಪು ಒಂದು ಪುಟದಲ್ಲಿ ಕುಳಿತಿದ್ದರೆ, ಕೊಂಡಿಯ ಮೂಲದ ತಪ್ಪು ಎಲ್ಲ ಪುಟಗಳನ್ನೂ ಸುತ್ತಿ ಬರುತ್ತದೆ. ಎಲ್ಲೆಡೆ ಒಂದೇ ಅಂಕಿ ಕಾಣುವುದರಿಂದ ಯಾರಿಗೂ ಸಂಶಯ ಹುಟ್ಟುವುದಿಲ್ಲ. ಮೂಲದ ಹಾಳೆಯನ್ನೇ ಅಳಿಸಿದರೆ ಮಾತ್ರ, ವಿಳಾಸ ದೊರೆಯಲಿಲ್ಲವೆಂಬ ದೋಷಸೂಚನೆ ಆ ಚೌಕದಲ್ಲಿ ಮೂಡುತ್ತದೆ.

ಆದುದರಿಂದ ಅಂಕಿಯನ್ನು ಒಂದೇ ಕಡೆ ಬರೆಯುವುದು ಜಾಣತನ. ಬರೆದ ಆ ಒಂದು ಕಡೆಯನ್ನು ತಿಂಗಳಿಗೊಮ್ಮೆ ರಸೀತಿಗಳೊಡನೆ ತಾಳೆ ನೋಡುವುದು ವಿವೇಕ. ಮೊದಲನೆಯದನ್ನು ಯಂತ್ರ ಮಾಡಿಕೊಡುತ್ತದೆ. ಎರಡನೆಯದು ಇಂದಿಗೂ ಮನುಷ್ಯನ ಪಾಲಿನದೇ.