ಗೋಡೆಯ ಮೇಲಿನ ಜಾಣ

ರಜೆ ಹಾಕಿ ಷಿಕಾಗೋದ ಮಗಳ ಮನೆಗೆ ಹೋಗಿದ್ದೆ. ಮನೆ ಬೆಚ್ಚಗಿಡುವ ಯಂತ್ರಕ್ಕೆಂದು 250 ಡಾಲರ್ ಕೊಟ್ಟು ಸ್ಮಾರ್ಟ್ ಥರ್ಮೋಸ್ಟಾಟ್ ತಂದಳು. ಹಳೆಯ ಮನೆ, ಅದಕ್ಕೆ ವಿದ್ಯುತ್ ಒದಗಿಸುವ 'ಸಿ' ತಂತಿಯೇ ಇರಲಿಲ್ಲ. ತಂತಿ ಎಳೆದವನಿಗೆ ಮತ್ತೆ 180. ಡಬ್ಬದ ಮೇಲೆ ಈ ಲೆಕ್ಕ ಬರೆದಿರಲಿಲ್ಲ.

"ಉಳಿತಾಯ ಆಗುತ್ತಮ್ಮಾ" ಎಂದಳು. ದಿನಕ್ಕೆ 8 ಗಂಟೆ ಕಾಲ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ತಗ್ಗಿಸಿದರೆ ವರ್ಷಕ್ಕೆ ಶೇಕಡಾ 10ರವರೆಗೆ ಉಳಿಯಬಹುದೆಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಹಾಗಾದರೆ ಉಳಿಸುವುದು ತಗ್ಗಿಸುವ ಕೈ, ಡಬ್ಬವಲ್ಲ. ಮರೆಯುವವರಿಗೆ ಅದು ನೆರವಾದೀತು, ಒಪ್ಪುತ್ತೇನೆ. ಆದರೆ 2011ರ ನೆಸ್ಟ್ ಥರ್ಮೋಸ್ಟಾಟಿಗೆ 2025ರ ಅಕ್ಟೋಬರಿನಲ್ಲಿ ಕಂಪನಿಯೇ ಫೋನಿನ ನಂಟು ಕಡಿಯಿತು. ಹಳೆಯ ತಿರುಗುಣಿಗೆ ಅಂಥ ಆಯುಷ್ಯದ ಗಡುವಿರಲಿಲ್ಲ.

"ಹೊರಡುವಾಗ ಸ್ವಿಚ್ ಆರಿಸಿ" ಎಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವಳು ನಾನು. ಅದೇ ಪಾಠವನ್ನು ನನ್ನ ಮಗಳು 430 ಡಾಲರಿಗೆ ಕೊಳ್ಳಬೇಕಾಯಿತೆ?