ಚಿಗರಿ ಹೊಲಕ್ಕೆ ಬಂದರೆ ಬಿಲ್ಲು ಹಿಡಿಯಬೇಕೆ?

ಹೆಸರು ನಾಲ್ಕು ಎಲೆ ಬಿಟ್ಟಿತೆಂದರೆ ನಮ್ಮ ಕಡೆ ಒಂದೇ ಮಾತು: "ಚಿಗರಿ ಬಂದಾವೇನ್ರಿ?" ಸವದತ್ತಿ ತಾಲೂಕಿನ ಪೂರ್ವಕ್ಕಿರುವ ಯರಿ ಹೊಲಗಳಿಗೆ ನವಲಗುಂದ, ನರಗುಂದದ ಬಯಲು ಹೊಂದಿಕೊಂಡೇ ಇದೆ. ಅತ್ತ ರಾಮದುರ್ಗ. ಚಿಗರಿಗೆ ತಾಲೂಕಿನ ಗಡಿ ಯಾರು ಹೇಳಬೇಕು? ಬೆಳಗಿನ ಜಾವ ಹದಿನೈದಿಪ್ಪತ್ತರ ಹಿಂಡು ನಿಂತಿರುತ್ತದೆ, ಮುಂದೆ ಒಂದು ಕರಿ ಹೋರಿ, ತಿರುಚಿದ ಕೋಡಿನದು. ನೋಡಲು ಚೆಂದವೇ. ಆದರೆ ಅದು ನಿಂತದ್ದು ನಮ್ಮ ಬಿತ್ತಿದ ಹೊಲದಲ್ಲಿ.

ಹೋದ ಮುಂಗಾರಿನಲ್ಲಿ ಚಹಾದಂಗಡಿಯ ಕಟ್ಟೆಯ ಮೇಲೆ ಒಬ್ಬ ಹುಡುಗ ಮೊಬೈಲ್ ತೋರಿಸಿ ಕೇಳಿದ: "ಕಾಕಾ, ಅಮೆರಿಕಾದಾಗ ಲೈಸನ್ಸ್ ಕೊಟ್ಟು ಬಿಲ್ಲಿನ್ಯಾಗ ಹೊಡಸ್ತಾರ. ಸಪ್ಪಳ ಸೈತ ಇಲ್ಲ. ನಮಗ್ಯಾಕ ಕೊಡಂಗಿಲ್ಲ?" ಪ್ರಶ್ನೆ ಹಗುರವಾದುದಲ್ಲ. ಬೆಳೆ ಕಳೆದುಕೊಂಡವನ ಮಗ ಕೇಳುತ್ತಿದ್ದಾನೆ.

ಅವನು ಹೇಳಿದ್ದು ನಿಜ. ಅಲ್ಲಿ ಬಿಲ್ಲಿನ ಬೇಟೆಗೆ ಬೇರೆ ಹಂಗಾಮೇ ಇದೆ. 1937ರ ಒಂದು ಕಾಯಿದೆಯಂತೆ ಬಂದೂಕಿನ ಮೇಲೆ ಹಾಕಿದ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. 1972ರಲ್ಲಿ ಬಿಲ್ಲು ಬಾಣಗಳನ್ನೂ ಆ ತೆರಿಗೆಯೊಳಗೆ ತಂದರು, ನೂರಕ್ಕೆ 11. ಅಂದರೆ ಬೇಟೆಗಾರ ದುಡ್ಡು ಕಟ್ಟಿ ಪ್ರಾಣಿಯನ್ನು ಸಾಕಿದಂತೆ. ಅದೇ 1972ರಲ್ಲಿ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, ಬೇಟೆಯ ಬಾಗಿಲು ಮುಚ್ಚುತ್ತ ಹೋಯಿತು. ಎರಡು ದೇಶ ಒಂದೇ ವರ್ಷ ಎರಡು ದಾರಿ ಹಿಡಿದವು.

ಆದರೆ ಮೊಬೈಲಿನಲ್ಲಿ ಕಾಣದ ಒಂದು ಸಂಗತಿ ಇದೆ. ಬಾಣ ಬಿದ್ದ ಪ್ರಾಣಿ ಬಹಳ ಸಲ ನಿಂತಲ್ಲೇ ಬೀಳುವುದಿಲ್ಲ. ಓಡುತ್ತದೆ. ಹೊಡೆದವನು ಕಾದು, ರಕ್ತದ ಗುರುತು ಹಿಡಿದು ಹೋಗಿ ಹುಡುಕಬೇಕು. ಅಲ್ಲಿ ಒಳ್ಳೆಯ ಬೇಟೆಗಾರ ಅದನ್ನು ತನ್ನ ಧರ್ಮವೆಂದು ತಿಳಿಯುತ್ತಾನೆ. ನಮ್ಮ ಹುಡುಗ ರಾತ್ರಿ ಕದ್ದು ಹೊಡೆದರೆ, ದೂರದಲ್ಲಿ ಮೋಟಾರ್ ಸೈಕಲ್ಲಿನ ಬೆಳಕು ಕಂಡ ಕೂಡಲೆ ಅವನೇ ಓಡುತ್ತಾನೆ. ಬಾಣ ಹೊತ್ತ ಚಿಗರಿ ಎಲ್ಲೋ ಬದುವಿನ ಮರೆಯಲ್ಲಿ ಎರಡು ದಿನ ನರಳಿ ಸಾಯುತ್ತದೆ. ಇದಕ್ಕೆ ಬೇಟೆ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ನಮ್ಮ ನೆಲಕ್ಕೆ ಬೇಟೆ ಹೊಸದಲ್ಲ. ರಾಮದುರ್ಗಕ್ಕೆ ಹತ್ತಿರದ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯಿದೆಗೆ ತಿರುಗಿ ಬಿದ್ದು ಪ್ರಾಣ ಕೊಟ್ಟರು. ಅವರಿಗೆ ಆಯುಧ ಅನ್ನವೂ ಹೌದು, ಮಾನವೂ ಹೌದು. ಮುಧೋಳದ ನಾಯಿ ಚಿಗರಿಯ ಹಿಂದೆ ಓಡಲೆಂದೇ ಬೆಳೆದ ತಳಿ. 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ಈಗ ಅದು ಹೊಲದ ಗುಡಿಸಲಿನ ಮುಂದೆ ಕಾವಲಿಗಿದೆ, ಸೈನ್ಯಕ್ಕೂ ಹೋಗಿದೆ. (ಚಿಗರಿಯೋ, ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿನ ಹೆಸರಾಗಿ ಓಡುತ್ತಿದೆ!) ಗಬ್ಬದ ಪ್ರಾಣಿಗೆ ಕೈ ಹಚ್ಚಬಾರದು, ಮಾಂಸ ಹಂಚಿಕೊಂಡೇ ತಿನ್ನಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ನಡೆಯುವುದು ಯಾವುದು? ಕಣ್ಣು ಕುಕ್ಕುವ ಲೈಟು, ಉರುಲು, ಮದ್ದಿನ ಉಂಡೆ, ಬೇಲಿಗೆ ಬಿಟ್ಟ ಕರೆಂಟು. ಕರೆಂಟಿನ ತಂತಿಗೆ ಚಿಗರಿ ಯಾವುದು, ರಾತ್ರಿ ನೀರು ತಿರುವಲು ಬಂದ ಬಾಜೂ ಹೊಲದವನು ಯಾರು ಎಂಬ ಭೇದವಿಲ್ಲ. ಉರುಲು ಹಾಕುವುದು, ವಿಷ ಇಡುವುದು ಕೂಡ ಕಾಯಿದೆಯ ಲೆಕ್ಕದಲ್ಲಿ ಬೇಟೆಯೇ. ಚಿಗರಿ ಮೊದಲನೆಯ ಅನುಸೂಚಿಯ ಪ್ರಾಣಿ. 2022ರ ತಿದ್ದುಪಡಿಯ ನಂತರ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಒಂದು ಹೆಸರಿನ ಬೆಳೆಗಾಗಿ ಮನೆತನ ಕಳೆದುಕೊಳ್ಳಬೇಕೆ?

ಹಾಗಾದರೆ ರೈತ ಸುಮ್ಮನೆ ಕೂಡಬೇಕೆ? ಅಲ್ಲ. ಪೇಟೆಯವರು ಫೋಟೋ ಹೊಡೆದುಕೊಂಡು ಹೋಗುತ್ತಾರೆ, ಮೇಯಿಸುವ ಖರ್ಚು ನಮ್ಮದು. ಈ ಅನ್ಯಾಯವನ್ನು ಗಟ್ಟಿಯಾಗಿಯೇ ಹೇಳಬೇಕು. ಬೆಳೆಹಾನಿಗೆ ಪರಿಹಾರ ಉಂಟು, ಆದರೆ ಅದರ ಪಂಚನಾಮೆ ಆನೆ ತುಳಿದ ಗದ್ದೆಗೆ ಹೊಂದಿದಂತೆ ಚಿಗರಿ ಕಡಿದ ಹೆಸರಿಗೆ ಹೊಂದುವುದಿಲ್ಲ. ಚಿಗರಿ ಗಿಡ ಕೀಳುವುದಿಲ್ಲ, ಕುಡಿ ಚಿವುಟುತ್ತದೆ. ಎಂಟು ದಿನ ಬಿಟ್ಟು ಬಂದವರಿಗೆ ಗಿಡ ಹಸಿರಾಗಿಯೇ ಕಾಣುತ್ತದೆ. ಹೂ ತಡವಾಗಿ, ಕಾಯಿ ಕಡಿಮೆಯಾಗಿ ಹಾನಿ ಗೊತ್ತಾಗುವುದು ರಾಶಿಯ ಹೊತ್ತಿಗೆ. ಪಕ್ಕದ ಮೇಯದ ಹೊಲದ ಇಳುವರಿಯೊಂದಿಗೆ ಹೋಲಿಸಿ ಲೆಕ್ಕ ಹಾಕುವ ಪದ್ಧತಿ ಬರಬೇಕು ಎಂಬುದು ನನ್ನ ಬೇಡಿಕೆ.

ಇನ್ನೊಂದು ಗಮನಿಸಿದ್ದೇನೆ. ಬೈಲಹೊಂಗಲ, ಕಿತ್ತೂರು, ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ಹೆಚ್ಚಿದಲ್ಲಿ ದೂರು ಚಿಗರಿಯದಲ್ಲ, ಹಂದಿಯದು. ಕಬ್ಬಿನ ಮರೆ ಹಂದಿಗೆ ಮನೆ. ಚಿಗರಿಗೆ ಬೇಕಾದದ್ದು ದೂರದವರೆಗೂ ಕಣ್ಣಿಗೆ ಕಾಣುವ ಗಿಡ್ಡ ಹುಲ್ಲಿನ ಬಯಲು. ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಧಾಮ ಮಾಡಿದರು, ಅಲ್ಲೇ ನೀಲಗಿರಿ ಗಿಡವನ್ನೂ ಬೆಳೆಸಿದರು. ಗಿಡ ದಟ್ಟವಾದಲ್ಲಿ ಚಿಗರಿ ನಿಲ್ಲದೆ ಸುತ್ತಲಿನ ಹೊಲಕ್ಕೆ ಇಳಿಯಿತು, ಎರೆಬೂತ ಹಕ್ಕಿ ಕಾಣದಂತಾಯಿತು. ಬಯಲನ್ನು ಬೀಳು ಎಂದು ತಿಳಿದದ್ದರ ಫಲ. ಮುಧೋಳ-ಬೀಳಗಿ ನಡುವಿನ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರಕ್ಕೆಂದು ಧಾಮವಾಗಿದೆ, ಅಲ್ಲಿಯಾದರೂ ಬಯಲು ಬಯಲಾಗಿಯೇ ಉಳಿಯಲಿ.

ನಮ್ಮ ಕೈಯಲ್ಲಿರುವುದೂ ಇದೆ. ಮೊಳಕೆಯಿಂದ ಮೂರು ವಾರ ಪಾಳಿ ಹಚ್ಚಿ ಹತ್ತು ಹೊಲದವರು ಕೂಡಿ ಕಾದರೆ ಅರ್ಧ ಹಾನಿ ತಪ್ಪುತ್ತದೆ, ಒಬ್ಬನೇ ಕಾದರೆ ಹಿಂಡು ಪಕ್ಕದವನ ಹೊಲಕ್ಕೆ ಹೋಗುತ್ತದೆ ಅಷ್ಟೆ. ಹಿಂಗಾರಿಯಲ್ಲಿ ಸುತ್ತಲೂ ಕುಸುಬಿ ಸಾಲು ಹಾಕುವ ಹಿರಿಯರ ರೂಢಿ ದನಕ್ಕೆ ಒಳ್ಳೆಯ ತಡೆ. ಜಿಗಿಯುವ ಚಿಗರಿಗೆ ಪೂರಾ ತಡೆಯಲ್ಲ, ಮುಳ್ಳಿನ ಅಂಜಿಕೆ ಮಾತ್ರ. ಹುಲ್ಲಿನಲ್ಲಿ ಒಂಟಿ ಮರಿ ಮಲಗಿದ್ದು ಕಂಡರೆ ಎತ್ತಿ ಮನೆಗೆ ತರಬೇಡಿರಿ. ತಾಯಿ ಅದನ್ನು ಅಡಗಿಸಿಟ್ಟು ದೂರ ಮೇಯುತ್ತಿರುತ್ತದೆ.

ಕಡೆಗೆ ಗಾಯರಾಣದ ಮಾತು. ಊರ ಗಾಯರಾಣ ಎಷ್ಟು ಎಕರೆ ಇತ್ತು, ಈಗ ಯಾರ್ಯಾರ ನೇಗಿಲಿನ ಕೆಳಗಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ. ನಾಲ್ಕು ಮಂದಿಗೆ ಸಿಟ್ಟು ಬರುತ್ತದೆ, ಬರಲಿ. ಹುಲ್ಲು ಬೆಳೆದರೆ ನಮ್ಮ ದನಕ್ಕೂ ಆದೀತು.