ರಜೆಯ ದಾರಿ: ಬೆಟ್ಟ ಹತ್ತೋಣವೇ, ಕೊಳ್ಳ ಇಳಿಯೋಣವೇ?

ಮಳೆಗಾಲ ಹಿಂದೆ ಸರಿಯಿತೆಂದರೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಈ ಭಾನುವಾರ ಎಲ್ಲಿಗೆ?" ಮಕ್ಕಳಿಗೆ ಬೆಟ್ಟ ಬೇಕು. ಅಜ್ಜ-ಅಜ್ಜಿಯರಿಗೆ ಕುಳಿತು ನೋಡಲು ಏನಾದರೂ ಬೇಕು. ದುಡಿಯುವವರಿಗೆ ಸಂಜೆಯ ಗಾಡಿ ತಪ್ಪಬಾರದು, ಸೋಮವಾರ ಬೆಳಿಗ್ಗೆ ಕಾಲು ನೆಟ್ಟಗಿರಬೇಕು. ಈ ನಾಲ್ಕು ಬೇಡಿಕೆಗಳನ್ನೂ ಒಂದೇ ದಿನದಲ್ಲಿ ತೀರಿಸಬಲ್ಲ ಊರು ನಮ್ಮ ಮುಂಬಯಿ-ಪುಣೆಗಳ ನಡುವೆಯೇ ಇದೆ. ಅದು ಲೋಣಾವಳ. ಈ ಸಲದ ಅಂಕಣ ಅದಕ್ಕೆ ಮೀಸಲು. ಚೆನ್ನೈ, ಹೈದರಾಬಾದು, ದೆಹಲಿಗಳ ಓದುಗರು ಬೇಸರಿಸಬಾರದು. ಊರಿನ ಹೆಸರು ಬದಲಾದರೂ ಆರಿಸುವ ಲೆಕ್ಕ ಎಲ್ಲ ಕಡೆಗೂ ಒಂದೇ.

ಲೋಣಾವಳದ ಹೆಸರು ಲೇಣಿ, ಆವಳಿ ಎಂಬ ಮಾತುಗಳಿಂದ, ಎಂದರೆ ಗುಹೆಗಳ ಸಾಲು ಎಂಬ ಅರ್ಥದಿಂದ ಬಂದಿತೆಂದು ಹೇಳುವುದುಂಟು. ಸಮುದ್ರ ಮಟ್ಟದಿಂದ ಊರಿನ ಎತ್ತರ ಸುಮಾರು 620 ಮೀಟರು. ಸುತ್ತಲಿನ ನೆಲವೆಲ್ಲ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ, ಪದರದ ಮೇಲೆ ಪದರವಾಗಿ ತಣಿದು ಗಟ್ಟಿಯಾದ ಕರಿಗಲ್ಲು. ಗಟ್ಟಿ ಪದರ ಗೋಡೆಯಂತೆ ನಿಲ್ಲುತ್ತದೆ, ಮೆತ್ತನೆಯ ಪದರ ಸವೆದು ಜಗಲಿಯಾಗುತ್ತದೆ. ಆದುದರಿಂದಲೇ ಇಲ್ಲಿನ ಬೆಟ್ಟಗಳಿಗೆ ನೆತ್ತಿ ಚಪ್ಪಟೆ, ಪಕ್ಕ ಕಡಿದು. ಆದುದರಿಂದಲೇ ಅವು ಕೋಟೆಗೆ ಒದಗಿದವು. ಮಳೆ ನೀರು ಇದೇ ಪದರಗಳನ್ನು ಲಕ್ಷಾಂತರ ವರ್ಷ ಕೊರೆದು ಪಶ್ಚಿಮಕ್ಕೆ, ಕೊಂಕಣದ ಕಡೆಗೆ, ಆಳವಾದ ಕಮರಿಗಳನ್ನು ಮಾಡಿದೆ. ಬೆಟ್ಟವೂ ಕೊಳ್ಳವೂ ಒಂದೇ ಕಲ್ಲಿನ ಎರಡು ಮುಖ.

ಆದರೆ ನಡೆಯುವವನ ಪಾಲಿಗೆ ಇವೆರಡರ ಸ್ವಭಾವ ಬೇರೆ. ಬೆಟ್ಟ ಸಾಲವನ್ನು ಬೆಳಿಗ್ಗೆಯೇ ವಸೂಲು ಮಾಡುತ್ತದೆ: ತಂಪಿರುವಾಗ, ಮೈಯಲ್ಲಿ ಕಸುವಿರುವಾಗ ಹತ್ತುತ್ತೀರಿ; ದಣಿದ ಮೇಲೆ ಇಳಿಯುತ್ತೀರಿ. ಸಾಕೆನಿಸಿದಲ್ಲಿ ಹಿಂದಿರುಗಬಹುದು. ಕೊಳ್ಳ ಹಾಗಲ್ಲ. ಬೆಳಿಗ್ಗೆ ನಗುನಗುತ್ತ ಇಳಿಸಿಕೊಳ್ಳುತ್ತದೆ. ಬಿಸಿಲು ಏರಿ, ನೀರಿನ ಬಾಟಲಿ ಬರಿದಾಗಿ, ಮಗು ಎತ್ತಿಕೊಳ್ಳೆಂದು ಅಳುವ ಹೊತ್ತಿಗೆ ಹತ್ತಿಸುತ್ತದೆ. ಕೊಳ್ಳದಲ್ಲಿ ಹಿಂದಿರುಗುವುದೆಂದರೆ ಏರುವುದು.

ಇದಕ್ಕೆ ಲೋಣಾವಳದ ಪಕ್ಕದಲ್ಲೇ ಒಂದು ಐತಿಹಾಸಿಕ ಸಾಕ್ಷಿ ಇದೆ. 1661ರಲ್ಲಿ ಮೊಗಲರ ಸರದಾರ ಕಾರತಲಬಖಾನನು ದೊಡ್ಡ ಸೈನ್ಯದೊಡನೆ ಕುರವಂಡೆಯ ಘಟ್ಟದಿಂದ ಕೊಂಕಣಕ್ಕೆ ಇಳಿದನು. ಕೆಳಗಿನ ಉಂಬರಖಿಂಡಿನ ಇಕ್ಕಟ್ಟಿನಲ್ಲಿ ಶಿವಾಜಿಯ ಜನ ಹಿಂದೆಯೂ ಮುಂದೆಯೂ ದಾರಿ ಕಟ್ಟಿದರು. ಅಷ್ಟು ದೊಡ್ಡ ಸೈನ್ಯ ಶರಣಾಗಿ, ತಂದ ಸಾಮಾನನ್ನು ಬಿಟ್ಟು, ಬದುಕಿ ಹೋಗುವ ಅಪ್ಪಣೆ ಪಡೆಯಬೇಕಾಯಿತು. ಕೊಳ್ಳಕ್ಕೆ ಇಳಿಯುವ ಮುನ್ನ ಏರುವ ದಾರಿಯನ್ನು ಯೋಚಿಸಬೇಕೆಂಬ ಪಾಠ ಸರದಾರರಿಗೆ ಹೇಗೋ ಸಂಸಾರಿಗಳಿಗೂ ಹಾಗೆಯೇ.

ಇನ್ನು ಲೆಕ್ಕ. ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಹೇಳಿದನು. ಈಗಿನ ಅಳತೆಯಲ್ಲಿ ಅದು ಹೀಗೆ: 5 ಕಿಲೋಮೀಟರು ನಡಿಗೆಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಇದು ಪಳಗಿದ ಕಾಲುಗಳ ಲೆಕ್ಕ. ಮಕ್ಕಳು-ಹಿರಿಯರು ಜೊತೆಗಿದ್ದರೆ ಒಂದೂವರೆ ಪಟ್ಟು ಹಿಡಿಯತಕ್ಕದ್ದು.

ಲೋಹಗಡವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಲೋಣಾವಳದಿಂದ ಪುಣೆಯ ಕಡೆಗೆ ಲೋಕಲ್ ಗಾಡಿಯ ಮುಂದಿನ ನಿಲ್ದಾಣ ಮಳವಲಿ. ಅಲ್ಲಿಂದ ಭಾಜೆ ಹಳ್ಳಿಯ ಮೇಲೆ ಹಾಯ್ದು ಕೋಟೆಗೆ ಏಳೆಂಟು ಕಿಲೋಮೀಟರು. ಕೋಟೆಯ ಎತ್ತರ 1,033 ಮೀಟರು, ಎಂದರೆ ಏರಬೇಕಾದದ್ದು ನಾನೂರು ಮೀಟರಿಗೆ ಸ್ವಲ್ಪ ಹೆಚ್ಚು. ಸೂತ್ರದಂತೆ ಎರಡು ಗಂಟೆ ಇಪ್ಪತ್ತು ನಿಮಿಷ. ಸಂಸಾರದ ಲೆಕ್ಕದಲ್ಲಿ ಮೂರೂವರೆ ಗಂಟೆ. ಹಿಂದಿರುಗಲು ಎರಡೂವರೆ. ಬುತ್ತಿ ಬಿಚ್ಚಿ ಉಂಡು ಕೋಟೆ ನೋಡಲು ಒಂದೂವರೆ. ಒಟ್ಟು ಏಳೂವರೆ ಗಂಟೆ. ಬೆಳಿಗ್ಗೆ ಎಂಟಕ್ಕೆ ಮಳವಲಿ ಬಿಟ್ಟರೆ ಮಧ್ಯಾಹ್ನ ಮೂರೂವರೆಗೆ ಮರಳಿ ನಿಲ್ದಾಣ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುವುದರಿಂದ ಕೈಯಲ್ಲಿ ಎರಡೂವರೆ ಗಂಟೆ ಉಳಿತಾಯ. ಈ ಉಳಿತಾಯ ಮುಖ್ಯ. ಕಾಲು ಉಳುಕಿದರೆ, ದಾರಿ ತಪ್ಪಿದರೆ ಖರ್ಚಿಗೆ ಬರುವ ಗಂಟು ಅದು. ಎರಡು ಗಂಟೆಯ ಗಂಟು ಉಳಿಯದ ಯಾವ ದಾರಿಯನ್ನೂ ಮನೆಮಂದಿಯೊಡನೆ ಹಿಡಿಯಬೇಡಿ.

ಲೋಹಗಡದ ಎದುರಿಗೇ ವಿಸಾಪುರ. ಇದು 1,084 ಮೀಟರು, ಎತ್ತರದಲ್ಲಿ ಅಣ್ಣ. 1818ರಲ್ಲಿ ಆಂಗ್ಲರು ಮೊದಲು ವಿಸಾಪುರ ಹಿಡಿದು, ಅಲ್ಲಿಂದಲೇ ಲೋಹಗಡವನ್ನು ಬೆದರಿಸಿ ತೆಗೆದುಕೊಂಡರು. "ಇಷ್ಟು ಹತ್ತಿರವಿದೆ, ಎರಡನ್ನೂ ಮುಗಿಸಿಬಿಡೋಣ" ಎಂದು ತರುಣರು ಹೇಳಿಯೇ ಹೇಳುತ್ತಾರೆ. ಎರಡನೆಯ ಕೋಟೆ ಮೂರು ಗಂಟೆ ನುಂಗುತ್ತದೆ. ನಮ್ಮ ಗಂಟಿನಲ್ಲಿರುವುದು ಎರಡೂವರೆ. ಉತ್ತರ ಲೆಕ್ಕದಲ್ಲೇ ಇದೆ. ಮೇಲಾಗಿ ವಿಸಾಪುರದ ಒಂದು ದಾರಿ ಬಂಡೆ ತುಂಬಿದ ಹಳ್ಳದಲ್ಲಿ ಕಡಿದ ಮೆಟ್ಟಿಲು. ಮಳೆಯಲ್ಲಿ ಆ ಮೆಟ್ಟಿಲೇ ಜಲಪಾತ.

ಹಾಗಾದರೆ ಯಾರಿಗೆ ಯಾವುದು?

ಮಂಡಿನೋವಿನವರು, ಪುಟ್ಟ ಮಕ್ಕಳು ಇರುವ ಮನೆಗೆ ಭಾಜೆಯ ಗುಹೆಗಳು. ಮಳವಲಿಯಿಂದ ಸಮೀಪ, ಮೆಟ್ಟಿಲುಂಟು. ಕ್ರಿಸ್ತಪೂರ್ವ ಎರಡನೆಯ ಶತಮಾನದಷ್ಟು ಹಳೆಯ 22 ಗುಹೆಗಳು. ಇವು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನದ ಮೇಲೆ ಬೆಳಕು ಚೆನ್ನ. ಹಿರಿಯರು ಇಲ್ಲಿ ಕುಳಿತಿರುವಾಗ ಕಿರಿಯರು ಲೋಹಗಡಕ್ಕೆ ಹೋಗಿ ಬರಬಹುದು. ಇಲ್ಲವೇ ಲೋಹಗಡದ ಬುಡದ ಹಳ್ಳಿಯವರೆಗೆ ವಾಹನದಲ್ಲಿ ಹೋಗಿ, ಮೆಟ್ಟಿಲನ್ನು ಮಾತ್ರ ಎಲ್ಲರೂ ಸೇರಿ ಹತ್ತಬಹುದು. ಲೋಹಗಡ 2025ರಲ್ಲಿ ಇತರ ಮರಾಠಾ ಕೋಟೆಗಳೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಕೇಳಿ ಬರುವವರು ಹೆಚ್ಚು. ಆದಷ್ಟು ಬೇಗ ಹೊರಡುವುದು ಲೇಸು.

ಕೊಳ್ಳದ ದರ್ಶನ ಬೇಕೆನ್ನುವವರಿಗೆ ಅಂಚಿನಿಂದಲೇ ನೋಡುವುದು ಮೇಲು. ಕುರವಂಡೆಯ ಬಳಿಯ ನಾಗಫಣಿಯ ಮೇಲಿನಿಂದ ಕೊಂಕಣವೆಲ್ಲ ಕಾಲ ಕೆಳಗೆ ಹಾಸಿದಂತೆ ಕಾಣುತ್ತದೆ. ಅಂಚಿನಲ್ಲಿ ಮಕ್ಕಳ ಕೈ ಬಿಡಕೂಡದು. ಬೆನ್ನು ಕಮರಿಯ ಕಡೆ ಮಾಡಿ ಚಿತ್ರ ತೆಗೆಸಿಕೊಳ್ಳಕೂಡದು. ಘಟ್ಟ ಇಳಿದು ಉಂಬರಖಿಂಡಿಗೆ ಹೋಗುವ ದಾರಿ ಗಟ್ಟಿ ಕಾಲಿನ ತರುಣರಿಗೆ, ಅದೂ ಒಣ ಹವೆಯಲ್ಲಿ, ಕೆಳಗೆ ವಾಹನ ಗೊತ್ತುಮಾಡಿದ್ದರೆ ಮಾತ್ರ. ಉಲ್ಹಾಸ ಕಣಿವೆಯ ಮೇಲಿನ ರಾಜಮಾಚಿ ಮನೋಹರವಾದದ್ದು. ಆದರೆ ಲೋಣಾವಳದಿಂದ ಹೋಗಲು ಸುಮಾರು 15 ಕಿಲೋಮೀಟರು, ಬರಲು ಅಷ್ಟೇ. ಅದು ಒಂದು ದಿನದ ಸಂಸಾರದ ನಡಿಗೆಯಲ್ಲ. ಅಲ್ಲಿ ರಾತ್ರಿ ತಂಗಬೇಕು.

ಮಳೆಗಾಲದ ಮಾತನ್ನು ಗಂಭೀರವಾಗಿಯೇ ಹೇಳಬೇಕಾಗಿದೆ. ಪುಣೆಯಲ್ಲಿ ವರ್ಷಕ್ಕೆ 700 ಮಿಲಿಮೀಟರಿನಷ್ಟು ಮಳೆಯಾದರೆ ಅರವತ್ತೈದು ಕಿಲೋಮೀಟರು ದೂರದ ಲೋಣಾವಳದಲ್ಲಿ 4,000ಕ್ಕೂ ಮಿಗಿಲು. 2024ರ ಜೂನ್ 30ರಂದು ಭೂಶಿ ಅಣೆಕಟ್ಟೆಯ ಹಿಂದಿನ ಜಲಪಾತದಲ್ಲಿ ವಿಹಾರಕ್ಕೆ ಬಂದಿದ್ದ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ನಾಲ್ವರು ಮಕ್ಕಳು. ಕರಿಗಲ್ಲು ನೀರನ್ನು ಬೇಗ ಹೀರುವುದಿಲ್ಲ. ಮೇಲೆಲ್ಲೋ, ನಮ್ಮ ಕಣ್ಣಿಗೆ ಬೀಳದ ಕಡೆ ಸುರಿದ ಮಳೆ ಕೆಲವೇ ನಿಮಿಷಗಳಲ್ಲಿ ಹಳ್ಳಕ್ಕೆ ಬರುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿದೆಯೆಂಬುದು ಭರವಸೆಯಲ್ಲ. ನೀರಿನ ಬಣ್ಣ ಕೆಂಪಾದರೆ, ಸದ್ದು ಹೆಚ್ಚಿದರೆ, ಕಡ್ಡಿ-ಎಲೆ ತೇಲಿ ಬಂದರೆ, ಚಪ್ಪಲಿಯ ಚಿಂತೆ ಬಿಟ್ಟು ದಡದ ಎತ್ತರಕ್ಕೆ ಏರಬೇಕು. ಅದಕ್ಕಿಂತ ಜಾಣತನವೆಂದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಹಳ್ಳ-ಕೊಳ್ಳಗಳಿಗೆ ಇಳಿಯದಿರುವುದು. ನೀರಿನಾಟ ನೋಡಲು ದೂರದ ದಿಬ್ಬ ಸಾಕು.

ಒಯ್ಯಬೇಕಾದದ್ದು ಹೆಚ್ಚಲ್ಲ. ತಲೆಗೆ ಎರಡು ಲೀಟರು ನೀರು, ಟೋಪಿ, ಬೆಲ್ಲ-ಶೇಂಗಾ, ಒಂದು ಟಾರ್ಚು, ಕಟ್ಟುಬಟ್ಟೆ. ರೊಟ್ಟಿ-ಚಟ್ನಿ, ಮೊಸರವಲಕ್ಕಿ, ಯಾವ ಬುತ್ತಿಯಾದರೂ ಸೈ. ಕಾಗದ-ಪ್ಲಾಸ್ಟಿಕ್ಕು ಮರಳಿ ಮನೆಗೇ ಬರಲಿ. ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಕೂಗಾಟ, ಕಲ್ಲೆಸೆತ ಬೇಡ. ನಡುಹಗಲಿನಲ್ಲಿ ಲೋಕಲ್ ಗಾಡಿಗಳು ವಿರಳವಾದ್ದರಿಂದ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ.

ಒಂದು ದಿನವನ್ನು ಕಾರ್ಲೆಗೂ ತೆಗೆದಿಡಿ. ಹೆದ್ದಾರಿಯ ಆಚೆ ಬದಿಯ ಗುಡ್ಡದಲ್ಲಿ, ಏಕವೀರಾ ದೇವಿಯ ಗುಡಿಯ ಪಕ್ಕದಲ್ಲೇ, ಭಾರತದ ಶಿಲಾಚೈತ್ಯಗಳಲ್ಲಿ ಅತಿ ದೊಡ್ಡದು ಇದೆ. ಅದರ ಮೊಗಸಾಲೆಯಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಒಂದು ಶಾಸನ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ವೈಜಯಂತಿಯ ಸೆಟ್ಟಿ ಭೂತಪಾಲನು ಪೂರ್ಣಗೊಳಿಸಿದನೆಂದು ಅದು ಸಾರುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ವರದಾ ತೀರದ ವರ್ತಕನೊಬ್ಬ ಈ ಘಟ್ಟಕ್ಕೆ ಬಂದು, ಗಳಿಸಿದ್ದನ್ನು ಈ ಕಲ್ಲಿನಲ್ಲಿ ಇಟ್ಟು, ಊರ ಹೆಸರನ್ನೂ ಮರೆಯದೆ ಬರೆಸಿ ಹೋದನು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮ ಮಕ್ಕಳಿಗೆ ಇದನ್ನು ತೋರಿಸದೆ ಇನ್ನೇನನ್ನು ತೋರಿಸೋಣ? ಮುಟ್ಟದೆ ತೋರಿಸಿ, ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತುವ ಹುಮ್ಮಸ್ಸನ್ನು ಅಲ್ಲೇ ತಡೆಯಿರಿ.

ದಾರಿಯುದ್ದಕ್ಕೂ ಗುಡ್ಡ, ದಿಬ್ಬ, ಬಂಡೆ, ಕಮರಿ, ಕಣಿವೆ, ಕೊಳ್ಳ ಎಂಬ ಮಾತುಗಳನ್ನು ಬಳಸಿ. ಮೂರನೆಯ ಮಹಡಿಯ ಮನೆಯಲ್ಲಿ ಈ ಮಾತುಗಳಿಗೆ ಕೆಲಸವಿಲ್ಲ. ಕಣ್ಣೆದುರಿಗೆ ವಸ್ತುವಿದ್ದಾಗ ಮಗು ಒಮ್ಮೆ ಕೇಳಿದ್ದನ್ನು ಮರೆಯುವುದಿಲ್ಲ.

ಕೊನೆಯದಾಗಿ ಒಂದೇ ಸೂತ್ರ: ದಾರಿಯನ್ನು ಮನೆಯ ಅತಿ ಗಟ್ಟಿ ಕಾಲು ಆರಿಸಬಾರದು, ಅತಿ ಮೆಲ್ಲನೆಯ ಕಾಲು ಆರಿಸಬೇಕು. ಈ ಚಳಿಗಾಲದಲ್ಲಿ ಯಾರು ಯಾವ ಬೆಟ್ಟ ಹತ್ತಿದಿರಿ, ಎಷ್ಟು ಹೊತ್ತು ಹಿಡಿಯಿತು, ಸಂಘಕ್ಕೆ ಒಂದು ಕಾಗದ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎಲ್ಲರೊಡನೆ ಹಂಚಿಕೊಳ್ಳೋಣ.